ದುಬಾರಿ ಕೇಬಲ್‌ನಿಂದ ಚಿತ್ರ ಚೆಂದವಾದೀತೇ?

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಾಗೆ ಉಳಿದ ದುಡ್ಡಿನ ಮೇಲೆ ಅಂಗಡಿಯವರ ಕಣ್ಣು. ಪುಣೆಯ ಅಂಗಡಿಯೊಂದರಲ್ಲಿ ನನಗೂ ಮೂರು ಸಾವಿರದ ಎಚ್‌ಡಿಎಂಐ ಕೇಬಲ್ ತೋರಿಸಿ, ಚಿನ್ನದ ಲೇಪವಿದೆ, ಬಣ್ಣ ಎದ್ದು ಕಾಣುತ್ತದೆ ಎಂದರು.

ಅದು ಅನಲಾಗ್ ಕಾಲದ ಮಾತು. ಆಗ ತಂತಿ ಕಳಪೆಯಾದರೆ ಚಿತ್ರವೂ ಮಸುಕು. ಎಚ್‌ಡಿಎಂಐನಲ್ಲಿ ಹರಿಯುವುದು ಬರೀ ಸೊನ್ನೆ, ಒಂದುಗಳು. ಅವು ಸರಿಯಾಗಿ ತಲುಪಿದರೆ ಮುನ್ನೂರರ ಕೇಬಲ್ಲಿಗೂ ಮೂರು ಸಾವಿರದ್ದಕ್ಕೂ ಚಿತ್ರ ಒಂದೇ. ತಲುಪದಿದ್ದರೂ ಬಣ್ಣ ಮಂಕಾಗದು. ಪರದೆಯಲ್ಲಿ ಕಿಡಿಯಂಥ ಚುಕ್ಕೆಗಳು ಹಾರುತ್ತವೆ, ಇಲ್ಲವೇ ಆಗಾಗ ಪೂರಾ ಕಪ್ಪಾಗುತ್ತದೆ.

ನೋಡಬೇಕಾದ್ದು ವೇಗ ಮತ್ತು ಉದ್ದ. 4ಕೆ ಸಿನಿಮಾಗೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ ‘ಪ್ರೀಮಿಯಂ ಹೈಸ್ಪೀಡ್’ ಸಾಕು. 120 ಫ್ರೇಮಿನ ಗೇಮಿಂಗ್ ಹುಚ್ಚಿದ್ದರೆ 48 ಗಿಗಾಬಿಟ್‌ನ ‘ಅಲ್ಟ್ರಾ ಹೈಸ್ಪೀಡ್’. ಪೊಟ್ಟಣದ ಮೇಲಿನ ಪ್ರಮಾಣೀಕರಣದ ಲೇಬಲ್ಲನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಪ್ರೊಜೆಕ್ಟರಿಗೆಂದು ಹತ್ತು ಮೀಟರ್ ಎಳೆಯುವವರು ಆಪ್ಟಿಕಲ್ ಕೇಬಲ್‌ಗೆ ಹೆಚ್ಚು ಕೊಟ್ಟರೆ ಅರ್ಥವಿದೆ. ಬಾಡಿಗೆ ಮನೆಯ ನಮ್ಮಂಥವರಿಗೆ ಎರಡು ಮೀಟರ್ ಧಾರಾಳ.