ಬಾಣಂತಿ ಯಾಕೆ ಗ್ವಾಡಿಗೆ ನೀರು ಹೊಡಿಬೇಕು?



ಮೊನ್ನೆ ಮುದ್ದೇಬಿಹಾಳದ ಚಾ ಅಂಗಡಿಯಾಗ ಒಬ್ಬರು ಕೇಳಿದ್ರು: "ಅಲ್ರೀ, ಸರ್ಕಾರ ರೊಕ್ಕ ಕೊಟ್ರೂ ನಿಮ್ಮ ಮಂದಿ ಮನಿ ಪೂರಾ ಮಾಡಂಗಿಲ್ಲಲ್ಲ, ಯಾಕ?" ಪಗಾರ ಇರೋರು, ಬ್ಯಾಂಕ್ ಸಾಲದಾಗ ಮನೆ ಕಟ್ಟಿಸಿದೋರು. ಅಷ್ಟರಾಗ ಬಸ್ ಬಂತು. ಉತ್ತರ ಇಲ್ಲಿ ಕೊಡ್ತೀನಿ.

ತಂಗಡಗಿಯ ನಮ್ಮ ಕೇರಿಯಾಗ ನನ್ನ ತಂಗಿಗೆ ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಮನೆ ಮಂಜೂರಾಯ್ತು. ಸಹಾಯಧನ 1.75 ಲಕ್ಷ. ಒಮ್ಮೆಗೇ ಕೈಗೆ ಬರೋ ರೊಕ್ಕ ಅಲ್ಲ ಅದು. ಮೊದಲು ಪಾಯ ಹಾಕಬೇಕು, ಫೋಟೊ ಆಗಬೇಕು, ಆಮೇಲೆ ಕಂತು. ಗ್ವಾಡಿ ಏಳಬೇಕು, ಮತ್ತೆ ಫೋಟೊ. ಅಂದ್ರೆ ಮೊದಲು ನಿಮ್ಮ ರೊಕ್ಕ, ಇಲ್ಲಾ ಬಡ್ಡಿ ರೊಕ್ಕ. ಪಾಯ ತೋಡುವಾಗ ಆಕಿ ಬಸುರಿ. ಗ್ವಾಡಿ ಎದ್ದಾಗ ಒಂದೂವರೆ ತಿಂಗಳ ಬಾಣಂತಿ. ಗಂಡ ಸಾಲ ತೀರಿಸಾಕ ಗೋವಾಕ್ಕೆ ದುಡಿಯಾಕ ಹೋಗಿದ್ದ. ಹಸಿ ಗ್ವಾಡಿಗೆ ಮುಂಜಾನೆ ಸಂಜೆ ನೀರು ಹೊಡಿಬೇಕಲ್ಲ, ಆಳಿಗೆ ಕೊಡಾಕ ರೊಕ್ಕ ಎಲ್ಲಿ? ಬೇವಿನ ಗಿಡಕ್ಕೆ ಸೀರೆ ಕಟ್ಟಿ ಕೂಸನ್ನ ಮಲಗಿಸಿ, ಆಕಿನೇ ಕೊಡ ಹೊತ್ತಳು. ನಾವೇ ನೀಲಮ್ಮತಾಯಿ ಐಕ್ಯಳಾದ ಊರಿನೋರು ಅಂತ ಭಾಷಣ ಬಿಗಿತೀವಿ!

ಈಗ ಲೆಕ್ಕ ನೋಡ್ರಿ. ಸ್ವಂತ ಮನೆ ಕಟ್ಟಿಕೊಳ್ಳೋರಿಗೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ ಕೊಡೋ ಲೆಕ್ಕ ಇಟ್ಟಿದ್ರು. ಒಳ್ಳೇದೇ. ಆದ್ರೆ ಅದು ದುಡಿದ ದಿನಕ್ಕೆ. ಹಡೆದ ದಿನಕ್ಕೆ? 2017ರ ತಿದ್ದುಪಡಿಯಲ್ಲಿ 26 ವಾರ ಸಂಬಳದ ರಜೆ ಬಂತು, 50 ಮಂದಿ ದುಡಿಯೋ ಕಡೆ ಶಿಶುಪಾಲನಾ ಕೇಂದ್ರ ಬೇಕು ಅಂತಾನೂ ಬಂತು. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ ಅನ್ನೋ ಕೂಲಿಕಾರಳಿಗೆ ಆ 26 ವಾರ ಯಾವ ಮಾಲಕ ಕೊಡ್ತಾನ? ಮಾತೃವಂದನಾದಾಗ ಚೊಚ್ಚಲ ಕೂಸಿಗೆ 5,000 ಐತಲ್ಲ ಅಂತೀರಾ? 26 ವಾರಕ್ಕೆ ಹಂಚಿ ನೋಡ್ರಿ, ವಾರಕ್ಕೆ 200 ರೂಪಾಯಿನೂ ಬೀಳಂಗಿಲ್ಲ. ಅಂಗನವಾಡಿಯಾಗ ಕುಂಡ್ರಸಾಕ ಕೂಸಿಗೆ ಮೂರು ವರ್ಷ ತುಂಬಬೇಕು. ಅಲ್ಲೀತನಕ ಬೇವಿನ ಗಿಡಾನೇ ಗತಿ.

ನಾನೂ ಸಾಚಾ ಅಲ್ಲ. ಸರ್ಕಾರಿ ಗುಮಾಸ್ತ ಅಂತ ನನಗೆ 15 ದಿನ ಪಿತೃತ್ವ ರಜೆ ಸಿಕ್ಕಿತ್ತು. ಅದರಾಗ ಹನ್ನೊಂದು ದಿನ ಮನೆ ಸಾಲಕ್ಕೆ ಉತಾರೆ, ಪಗಾರ ಚೀಟಿ ಅಂತ ತಿರುಗಿದೆ. ಹೆಂಡತಿ ಇವತ್ತಿಗೂ ಎತ್ತಿ ಆಡ್ತಾಳೆ, ಆಡಬೇಕಾದ್ದೇ. ಆದ್ರೆ ರಜೆಯಾಗ ನನ್ನ ಪಗಾರ ನಿಲ್ಲಲಿಲ್ಲ, ಹಂಗಾಗಿ ಕಂತು ತಪ್ಪಲಿಲ್ಲ, ಮನೆ ಪೂರಾ ಆಯ್ತು. ತಂಗಿ ಕೂಲಿ ನಿಂತಿತು, ಆಕಿ ಮನೆ ಗ್ವಾಡಿಗೇ ನಿಂತೈತಿ. ತಿಳೀತಾ, ಚಾ ಅಂಗಡಿ ಸಾಹೇಬ್ರ?

1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆ ಪರವಾಗಿ ಬಾಬಾಸಾಹೇಬರು ಮಾತಾಡಿದ್ರು. ಹೆರಿಗೆಗೆ ಮೊದಲು, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ ಅಂದ್ರು. ಅದರ ಭಾರ ಬಹುಮಟ್ಟಿಗೆ ಸರ್ಕಾರವೇ ಹೊರಬೇಕು ಅನ್ನೋದನ್ನೂ ಒಪ್ಪಿದ್ರು. ನಮ್ಮ ವಿಜಾಪುರ ಜಿಲ್ಲೆ ಆಗ ಅದೇ ಮುಂಬೈ ಪ್ರಾಂತ್ಯದಾಗಿತ್ತು. ಮರುವರ್ಷ ಬಂದ ಕಾಯ್ದೆ ಕಾರ್ಖಾನೆ ಹೆಣ್ಮಕ್ಕಳಿಗೆ ಮುಟ್ಟಿತು. ಹೊಲಕ್ಕೆ ಇನ್ನೂ ಬರಬೇಕಾಗೈತಿ.

ಏಪ್ರಿಲ್ 14ಕ್ಕೆ ಡಿಜೆ ಯಾವುದು ಅಂತ ಮೂರು ಮೀಟಿಂಗ್ ಮಾಡೋ ಗೆಳೆಯರೇ, ಈ ಸಲದ ಮನವಿಯಾಗ ಇದನ್ನ ಸೇರಿಸೋಣ: ಮನೆ ಮಂಜೂರಾದ ಕೂಲಿಕಾರ ತಾಯಿಗೆ ಪಾಯದ ಕಂತು ಮುಂಗಡ, ಹೆರಿಗೆಯಾದ್ರೆ ಕಟ್ಟೋ ಗಡುವು ಆರು ತಿಂಗಳು ಮುಂದಕ್ಕೆ, 26 ವಾರದ ಕನಿಷ್ಠ ಕೂಲಿ ಸರ್ಕಾರದಿಂದ, ಹೊಲಕ್ಕೆ ಹೋಗೋ ಹೊತ್ತಿಗೆ ಬಾಗಿಲು ತೆಗೆಯೋ ಕೂಸಿನ ಮನೆ. ಕರಡು ನಾನೇ ಟೈಪ್ ಮಾಡ್ತೀನಿ. ಐತವಾರ ಸಂಜೆ ಕೇರಿಯಾಗ ಸೇರೋಣ. ಮನೆ ಹೆಣ್ಮಕ್ಕಳನ್ನ ಕರ್ಕೊಂಡು ಬರ್ರಿ, ಕೂಸುಗಳನ್ನ ನೀವು ಎತ್ಕೊಂಡು ಬರ್ರಿ.