ಸಹಿಯ ಬೆಲೆ, ಶಹನಾಯಿಯ ತೂಕ

ದೊಡ್ಡ ಪತ್ರಿಕೆಯೊಂದು ಕಳೆದ ತಿಂಗಳು, ಕಲಾವಿದರ ಸಹಿಯಿರುವ ವಸ್ತುಗಳನ್ನು ಕೊಂಡು ಕೂಡಿಡುವವರನ್ನು ಸಂಸ್ಕೃತಿಯ ಕಾವಲುಗಾರರೆಂದು ಪುಟಗಟ್ಟಲೆ ಹೊಗಳಿದೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಹರಾಜಿನ ಬೆಲೆಪಟ್ಟಿಯನ್ನೇ ಸಂಸ್ಕೃತಿ ಎಂದು ಬರೆಯುವ ಚಾಳಿ ನಮ್ಮ ಪತ್ರಿಕೆಗಳಿಗೆ ಅಂಟಿ ಬಹಳ ಕಾಲವಾಯಿತು.

‘ಸನಾದಿ ಅಪ್ಪಣ್ಣ’ದಲ್ಲಿ ರಾಜಕುಮಾರ್ ತುಟಿಗಿಟ್ಟ ಶಹನಾಯಿಗೆ ಉಸಿರು ಕೊಟ್ಟವರು ಬಿಸ್ಮಿಲ್ಲಾ ಖಾನ್. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 2016ರ ಡಿಸೆಂಬರ್‌ನಲ್ಲಿ, ಬನಾರಸ್ಸಿನಲ್ಲಿ ಅವರ ಮಗನ ಮನೆಯಿಂದ ಶಹನಾಯಿಗಳು ಕಳುವಾದವು. ಪಿ.ವಿ. ನರಸಿಂಹರಾವ್ ಕೊಟ್ಟ ಉಡುಗೊರೆಯೂ ಅವುಗಳಲ್ಲಿತ್ತು. ಮುಂದಿನ ತಿಂಗಳು ಪೊಲೀಸರು ಪತ್ತೆ ಹಚ್ಚುವಷ್ಟರಲ್ಲಿ ಅವು 17,000 ರೂಪಾಯಿಗೆ ಅಕ್ಕಸಾಲಿಗರ ಪಾಲಾಗಿ, ಬೆಳ್ಳಿ ಕರಗಿಹೋಗಿತ್ತು.

‘ನಮ್ಮಂಥವರು ಕೊಂಡಿಟ್ಟಿದ್ದರೆ ಉಳಿಯುತ್ತಿತ್ತಲ್ಲ’ ಎನ್ನುತ್ತಾರೆ ಸಂಗ್ರಾಹಕರು. ಬೆಳ್ಳಿ ಉಳಿಯುತ್ತಿತ್ತು, ನಿಜ. ಆದರೆ ಶಹನಾಯಿಯ ನಾದ ಹುಟ್ಟುವುದು ಅದರ ಬಾಯಿಗೆ ಸಿಕ್ಕಿಸುವ ಜೊಂಡಿನ ಪುಟ್ಟ ರೀಡ್‌ನಿಂದ. ಆ ಜೊಂಡು ಬೆಳೆಯುವುದು ಖಾನರ ಹುಟ್ಟೂರು ಡುಮರಾಂವ್ ಕಡೆಯ ನದಿದಂಡೆಯಲ್ಲಿ. ಅದನ್ನು ಆರಿಸಿ, ಹದಗೊಳಿಸಿ, ತುಟಿಗೆ ಒಗ್ಗಿಸಿಕೊಳ್ಳುವುದರಲ್ಲೇ ವಿದ್ಯೆಯ ಅರ್ಧ ಪಾಲು ಇದೆ. ರೀಡ್ ಮೇಲೆ ಸಹಿ ಹಿಡಿಸುವುದಿಲ್ಲ, ಹಾಗಾಗಿ ಅದಕ್ಕೆ ಗಿರಾಕಿಯೂ ಇಲ್ಲ. ಅಕ್ಕಸಾಲಿಗ ಬೆಳ್ಳಿಯನ್ನು ತೂಗಿದ, ಸಂಗ್ರಾಹಕ ಹೆಸರನ್ನು ತೂಗುತ್ತಾನೆ. ವಿದ್ಯೆಯನ್ನು ಕೇಳಿದವರು ಇಬ್ಬರಲ್ಲಿ ಯಾರೂ ಇಲ್ಲ.

ಆ ಹೆಸರಾದರೂ ನಂಬಿಕೆಗೆ ಯೋಗ್ಯವೇ? ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ನಡೆಸಿ ನಕಲಿ ಸಹಿಗಳ ಜಾಲವನ್ನು ಭೇದಿಸಿದಾಗ, ಮದರ್ ತೆರೇಸಾ ಸಹಿ ಮಾಡಿದ್ದಾರೆನ್ನಲಾದ ಬೇಸ್‌ಬಾಲ್ ಚೆಂಡುಗಳೂ ಸಿಕ್ಕಿದ್ದವು. ಇನ್ನು ಅಸಲಿ ವಸ್ತುವಿಗೆ ಸಿಗುತ್ತಿರುವ ಗೌರವವನ್ನು ನೋಡಿ: ರಾಕ್ ಗಾಯಕ ಕರ್ಟ್ ಕೋಬೇನ್ ತೊಟ್ಟಿದ್ದ ಸ್ವೆಟರ್ 2019ರಲ್ಲಿ 3,34,000 ಡಾಲರಿಗೆ ಹೋಯಿತು. ಅದನ್ನು ಒಗೆದಿಲ್ಲ ಎಂಬುದೇ ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ತಮ್ಮ ಗಿಟಾರುಗಳನ್ನು ತಾವೇ ಹರಾಜಿಗಿಟ್ಟು, ಬಂದ 2.15 ಕೋಟಿ ಡಾಲರನ್ನು ಪರಿಸರದ ಕೆಲಸಕ್ಕೆ ಕೊಟ್ಟರು. ಅದಕ್ಕೆ ನಮ್ಮ ತಕರಾರಿಲ್ಲ. ತನ್ನ ವಸ್ತು ಎಲ್ಲಿಗೆ ಸೇರಬೇಕೆಂದು ಅಲ್ಲಿ ಕಲಾವಿದನೇ ತೀರ್ಮಾನಿಸಿದ.

ನಮ್ಮ ಸರ್ಕಾರಗಳ ದೃಷ್ಟಿಯೂ ಸಂಗ್ರಾಹಕರದಕ್ಕಿಂತ ಉತ್ತಮವಾಗಿಲ್ಲ. ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ 1993ರಲ್ಲಿ, ಅವರ ಪತ್ನಿ, ನಟಿ ದೇವಿಕಾ ರಾಣಿ 1994ರಲ್ಲಿ ತೀರಿಕೊಂಡರು. ಬೆಂಗಳೂರಿನ ಬಳಿಯ ಅವರ ತಾತಗುಣಿ ಎಸ್ಟೇಟಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಲು 2011 ಬರಬೇಕಾಯಿತು. ಅಷ್ಟೂ ವರ್ಷ ನಾಡು ಮಾತಾಡಿದ್ದು 468 ಎಕರೆಯ ಬಗ್ಗೆ. ಆ ಚಿತ್ರಕಾರ ಬಣ್ಣವನ್ನು ಹೇಗೆ ಅರೆದುಕೊಳ್ಳುತ್ತಿದ್ದರು, ಯಾವ ಕುಂಚ ಹಿಡಿಯುತ್ತಿದ್ದರು ಎಂದು ಕೇಳಿದವರು ವಿರಳ.

ಅಂಥ ಪ್ರಶ್ನೆಗಳನ್ನು ಕೇಳಲೆಂದೇ ಕಲಾವಿದರ ಕೆಲಸದ ಸಾಮಾನುಗಳನ್ನು ಕುರಿತ ಬರಹಗಳು ಈ ಸಂಚಿಕೆಯಲ್ಲಿವೆ.

ನಮ್ಮ ಒತ್ತಾಯ ಇಷ್ಟು. ವಾದ್ಯ ಊರಿನಲ್ಲೇ ಉಳಿಯಲಿ, ಕಲಿಯುವ ಮಕ್ಕಳ ಕೈಗೆ ಸಿಗಲಿ. ಯಾರು ಮಾಡಿದ್ದು, ಯಾವ ಶ್ರುತಿಗೆ ಕೂರುತ್ತದೆ, ಎಲ್ಲಿ ರಿಪೇರಿಯಾಗಿದೆ ಎಂಬುದು ಅದರ ಜೊತೆಗೇ ದಾಖಲಾಗಲಿ. ಕಲಾವಿದ ಸತ್ತ ಮೇಲೆ ಇದನ್ನು ಹೇಳುವವರು ಇರುವುದಿಲ್ಲ. ಆದ್ದರಿಂದ ಅಕಾಡೆಮಿಗಳು ಶಾಲು ಹೊದಿಸಿದ ಮಾರನೆಯ ದಿನವೇ ಆ ಕಲಾವಿದರ ಮನೆಗೆ ಹೋಗಿ, ಎದುರು ಕೂತು, ಕೇಳಿ ಬರೆದುಕೊಳ್ಳಲಿ.