ಹದ್ದಿಗೆ ಭಾಷೆ ಬೇಡ, ನಮಗೆ ಬೇಕು!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಹೊರಟು ಮೈಸೂರು, ಬೆಂಗಳೂರು ಸೇರಿರುವ ಗೆಳೆಯರೇ, ವಿಮಾನಕ್ಕೂ ಕನ್ನಡಕ್ಕೂ ಏನಯ್ಯಾ ಸಂಬಂಧ ಎಂದು ನಗಬೇಡಿ. ಮೊದಲು ಓದಿ, ಆಮೇಲೆ ಬೇಕಾದರೆ ನಗಿ.

ಕಳೆದ ಮದುವೆ ಸೀಸನ್ನಿನಲ್ಲಿ ಪಿರಿಯಾಪಟ್ಟಣ ಕಡೆಯ ಹುಡುಗನೊಬ್ಬ ವಿಸಿಟಿಂಗ್ ಕಾರ್ಡು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದಿದ್ದ. ಮದುವೆಗಳಲ್ಲಿ ಡ್ರೋನ್ ಹಾರಿಸಿ ವಿಡಿಯೋ ತೆಗೆಯುವವನು. ಬುದ್ಧಿವಂತ, ಮೈಮುರಿದು ದುಡಿಯುವವನು. ಪ್ರೂಫ್ ನೋಡುತ್ತಾ ಕೂತಾಗ ನಂಜನಗೂಡು ರಸ್ತೆಯ ಛತ್ರವೊಂದರಲ್ಲಿ ತಾನು ಎಷ್ಟು ಎತ್ತರಕ್ಕೆ ಹಾರಿಸಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. "ಮಂಡಕಳ್ಳಿ ಏರ್‌ಪೋರ್ಟ್ ಅಲ್ಲೇ ಇದೆಯಲ್ಲಪ್ಪ, ರೂಲ್ಸ್ ಗೊತ್ತಾ?" ಅಂದೆ. "ಇಂಗ್ಲಿಷಲ್ಲಿ ಏನೋ ಐತಣ್ಣ, ಯಾರು ಓದ್ತಾರೆ" ಅಂದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿ ಮೀರಬೇಕಾದರೂ ಅನುಮತಿ ಬೇಕು. ಈ ನಿಯಮ ಅಚ್ಚಾಗಿದ್ದು ಕೇಂದ್ರದ ರಾಜಪತ್ರದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಪಾಲಿಸಬೇಕಾದವನು ಕನ್ನಡಿಗ, ತಪ್ಪಿದರೆ ದಂಡ ಕಟ್ಟಬೇಕಾದವನೂ ಕನ್ನಡಿಗ. ಅವನ ಭಾಷೆಗೆ ಮಾತ್ರ ಅಲ್ಲಿ ಜಾಗವಿಲ್ಲ!

ಅಡ್ಡ ಬಂದರೆ ಪೈಲಟ್ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾನೆ ಬಿಡಿ ಎನ್ನುವವರಿದ್ದಾರೆ. ಅದೇನು ಹುಣಸೂರು ರಸ್ತೆಯ ಬಸ್ಸೇ? ಇಳಿಯಲು ಬರುವ ಜೆಟ್ ವಿಮಾನ ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿರುತ್ತದೆ. ಚಕ್ರ ಹೊರಗೆ ಬಂದಿರುತ್ತದೆ, ನೆಲ ಹತ್ತಿರವಾಗಿರುತ್ತದೆ. ಆಗ ಥಟ್ಟನೆ ಹೊರಳಿಸಿದರೆ ಹಕ್ಕಿಗಿಂತ ಅದೇ ದೊಡ್ಡ ಅಪಾಯ. ಮಳೆ ತುಂಬಿದ ಮೋಡವನ್ನು ಮೂತಿಯಲ್ಲಿರುವ ರೇಡಾರ್ ದೂರದಿಂದಲೇ ತೋರಿಸುತ್ತದೆ, ಸುತ್ತು ಹಾಕಿ ಬರಬಹುದು. ಒಂದು ಹದ್ದನ್ನೋ ಅಂಗೈಯಗಲದ ಡ್ರೋನನ್ನೋ ಅದು ತೋರಿಸುವುದಿಲ್ಲ. ಕಣ್ಣಿಗೆ ಬೀಳುವಷ್ಟರಲ್ಲಿ ಪೈಲಟ್‌ಗೆ ಉಳಿಯುವುದು ಎರಡೇ ದಾರಿ: ಇಳಿಸಿಬಿಡುವುದು, ಇಲ್ಲವೇ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮತ್ತೆ ಮೇಲೇರುವುದು.

2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಇಳಿಯಲು ಬಂದ ಜೆಜು ಏರ್ ವಿಮಾನಕ್ಕೆ ಹಕ್ಕಿಗಳು ಬಡಿದವು. ಅದು ಮತ್ತೆ ಮೇಲೇರಿತು, ತಿರುಗಿ ಬಂದು ಹೊಟ್ಟೆಯ ಮೇಲೆ ಜಾರಿತು, ರನ್‌ವೇ ಆಚೆಯ ಕಾಂಕ್ರೀಟ್ ದಿಬ್ಬಕ್ಕೆ ಅಪ್ಪಳಿಸಿತು. ಒಳಗಿದ್ದ 181 ಜನರಲ್ಲಿ 179 ಮಂದಿ ಸತ್ತರು. 2018ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ಯಾಟ್ವಿಕ್ ಬಳಿ ಡ್ರೋನ್ ಕಂಡಿತೆಂದು ಸುಮಾರು ಸಾವಿರ ವಿಮಾನಗಳ ಸಂಚಾರವೇ ಕೆಟ್ಟಿತು.

ನಮ್ಮ ಮೈಸೂರಿಗೆ ಬನ್ನಿ. 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮ ಅಂತ ಒಂದಿದೆ. ನಿಲ್ದಾಣದ 10 ಕಿ.ಮೀ. ಸುತ್ತಳತೆಯಲ್ಲಿ ಹಕ್ಕಿಗಳನ್ನು ಸೆಳೆಯುವಂಥ ಕಸ, ಮಾಂಸದ ತ್ಯಾಜ್ಯ ಸುರಿಯಬಾರದು, ಪ್ರಾಣಿ ಕಡಿಯಬಾರದು ಎನ್ನುತ್ತದೆ. ಮಂಡಕಳ್ಳಿಯಿಂದ ಆ ದೂರದೊಳಗೇ ಇದೆ ವಿದ್ಯಾರಣ್ಯಪುರಂ ಸೀವೇಜ್ ಫಾರ್ಮ್. ಊರ ಕಸವೆಲ್ಲ ವರ್ಷಗಟ್ಟಲೆ ಗುಡ್ಡವಾಗಿದ್ದು ಅಲ್ಲೇ. ಕಸದ ಮೇಲೆ ಹದ್ದು ಸುತ್ತುವುದನ್ನು ನೋಡದ ಮೈಸೂರಿಗ ಉಂಟೇ? 1,740 ಮೀಟರಿನ ರನ್‌ವೇಯನ್ನು ಉದ್ದ ಮಾಡಿ ದೊಡ್ಡ ಜೆಟ್ ಇಳಿಸುವ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಇಳಿಸಲಿ, ಸಂತೋಷ. ಹದ್ದುಗಳಿಗೇನು ಏರ್ಪಾಡು ಸ್ವಾಮಿ?

ಮನಸ್ಸಿದ್ದರೆ ಆಗುತ್ತದೆ. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆಂದು 2025ರಲ್ಲಿ ಬಿಬಿಎಂಪಿ ಜನವರಿ 23ರಿಂದ ಫೆಬ್ರವರಿ 17ರವರೆಗೆ 13 ಕಿ.ಮೀ. ಸುತ್ತ ಮಾಂಸದಂಗಡಿಗಳನ್ನೇ ಮುಚ್ಚಿಸಿತು. ಬಡ ಕಸಾಯಿಗಳ ಹೊಟ್ಟೆಯ ಮೇಲೆ ಹೊಡೆಯುವುದು ಸುಲಭ. ವರ್ಷವಿಡೀ ತ್ಯಾಜ್ಯವನ್ನು ಮುಚ್ಚಿದ ಗಾಡಿಯಲ್ಲಿ ಹೊತ್ತೊಯ್ಯುವುದು ಕಷ್ಟ. ಯಾವುದು ಆಯಿತು, ಯಾವುದು ಆಗಲಿಲ್ಲ, ನೀವೇ ಹೇಳಿ.

ನಾವು ಕೇಳುವುದು ಹೆಚ್ಚೇನಲ್ಲ. ಮಂಡಕಳ್ಳಿ ಸುತ್ತಲ ಹಳ್ಳಿ, ಛತ್ರ, ಮಾಂಸದಂಗಡಿ, ಹೋಟೆಲುಗಳಿಗೆ ಈ ಎರಡೂ ನಿಯಮ ಕನ್ನಡದಲ್ಲಿ ತಲುಪಬೇಕು. ಡ್ರೋನ್ ಮಾರುವ ಅಂಗಡಿಯಲ್ಲಿ ಕನ್ನಡದ ಬೋರ್ಡು ಇರಬೇಕು. ಕೆ.ಆರ್. ನಗರದ ಗದ್ದೆಗೆ ಔಷಧಿ ಸಿಂಪಡಿಸಲು ಡ್ರೋನ್ ಕಲಿಯಬಯಸುವ ರೈತನ ಮಗನಿಗೆ ಪಾಠವೂ ಪರೀಕ್ಷೆಯೂ ಕನ್ನಡದಲ್ಲಿ ಸಿಗಬೇಕು. ಈ ತಿಂಗಳು ನಿಲ್ದಾಣದ ನಿರ್ದೇಶಕರಿಗೂ ಜಿಲ್ಲಾಧಿಕಾರಿಗಳಿಗೂ ಒಂದೊಂದು ಕಾಗದ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ನಮಗೆ ತಂದುಕೊಡಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಆ ಹುಡುಗನ ಕಾರ್ಡಿನ ಹಿಂಬದಿ ಖಾಲಿ ಇತ್ತು. ಎಂಟು, ಹನ್ನೆರಡು ಕಿಲೋಮೀಟರಿನ ಲೆಕ್ಕವನ್ನು ಕನ್ನಡದಲ್ಲಿ ಎರಡು ಸಾಲು ಕೂಡಿಸಿ ಅಚ್ಚು ಹಾಕಿಕೊಟ್ಟೆ. ಅದಕ್ಕೆ ಕಾಸು ಕೇಳಲಿಲ್ಲ. ಮೊನ್ನೆ ಬಂದವನು ಇನ್ನೂ ಐನೂರು ಬೇಕು ಅಂದ. ಜೊತೆಯ ಹುಡುಗರೂ ಕೇಳುತ್ತಿದ್ದಾರಂತೆ.